ಮಗುವಿನ ಪ್ರಶ್ನೆಗಾಗಿ ಕಾಯುವ ರಾತ್ರಿ: ಯಹೂದಿ ಮನೆಗಳ ಸೇಡರ್

ಯಹೂದಿ ಮನೆಗಳಲ್ಲಿ ವರ್ಷಕ್ಕೊಮ್ಮೆ ಒಂದು ವಿಶಿಷ್ಟ ರಾತ್ರಿ ಬರುತ್ತದೆ. ಊಟದ ಮೇಜು ಸಿದ್ಧವಾಗಿದ್ದರೂ ಯಾರೂ ಊಟಕ್ಕೆ ಕೈಹಾಕುವುದಿಲ್ಲ. ಮನೆಯ ಅತಿ ಕಿರಿಯ ಮಗು ಎದ್ದು ನಿಂತು, ಈ ರಾತ್ರಿಗೂ ಉಳಿದ ರಾತ್ರಿಗಳಿಗೂ ಏನು ವ್ಯತ್ಯಾಸವೆಂದು ಹಾಡಿನ ಧಾಟಿಯಲ್ಲಿ ಪ್ರಶ್ನಿಸಬೇಕು. ಅದಕ್ಕೆ ಹಿರಿಯರು ನೀಡುವ ಉತ್ತರವೇ ಆ ರಾತ್ರಿಯ ಪೂಜೆ, ಪುರಾಣ ಎಲ್ಲವೂ.

ಇದು ಪಸ್ಕ ಹಬ್ಬದ, ಅಂದರೆ ಹೀಬ್ರೂ ಭಾಷೆಯ 'ಪೆಸಾಖ್'ನ ಮೊದಲ ರಾತ್ರಿ. ಯಹೂದಿ ಪಂಚಾಂಗದ ನಿಸಾನ್ ಮಾಸದ ಹುಣ್ಣಿಮೆಗೆ, ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಬರುವ ಈ ಹಬ್ಬ ಈಜಿಪ್ಟಿನ ದಾಸ್ಯದಿಂದ ಪೂರ್ವಿಕರು ಬಿಡುಗಡೆ ಹೊಂದಿದ ಕಥೆಯನ್ನು ಸ್ಮರಿಸುತ್ತದೆ. ಅಂದಿನ ವಿಧಿವತ್ತಾದ ಊಟಕ್ಕೆ 'ಸೇಡರ್' ಎಂದು ಹೆಸರು, ಅರ್ಥ 'ಕ್ರಮ'. ಕೈಯಲ್ಲಿ ಹಿಡಿಯುವ ಪುಸ್ತಕ 'ಹಗ್ಗಾದಾ', ಅರ್ಥ 'ಹೇಳುವಿಕೆ'. ಮಕ್ಕಳಿಗೆ ಈ ಕಥೆಯನ್ನು ಹೇಳಬೇಕೆಂಬ ಆದೇಶ ಬೈಬಲಿನ ವಿಮೋಚನಕಾಂಡದಲ್ಲೇ ಇದೆ.

ದೇವಾಲಯದಿಂದ ಊಟದ ಮೇಜಿಗೆ

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನಾಶಮಾಡಿದರು. ಅಲ್ಲಿಯವರೆಗೆ ಈ ಹಬ್ಬದ ಕೇಂದ್ರವಾಗಿದ್ದ ಕುರಿಮರಿಯ ಬಲಿ ಅದರೊಂದಿಗೇ ನಿಂತುಹೋಯಿತು. ದೇವಾಲಯವಿಲ್ಲದೆ, ಮುಂದೆ ನಾಡೂ ಇಲ್ಲದೆ ಹಬ್ಬವನ್ನು ಉಳಿಸಿಕೊಳ್ಳುವ ಹೊಣೆ ಕುಟುಂಬದ ಮೇಲೆ ಬಿತ್ತು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ 'ಮಿಷ್ನಾ' ಎಂಬ ಧರ್ಮಸಂಹಿತೆ ಎರಡನೆಯ ಬಟ್ಟಲು ದ್ರಾಕ್ಷಾರಸ ಸುರಿದಾಗ ಮಗ ತಂದೆಯನ್ನು ಪ್ರಶ್ನಿಸಬೇಕೆಂದು ವಿಧಿಸುತ್ತದೆ. ಅಲ್ಲಿರುವ ಪ್ರಶ್ನೆಗಳಲ್ಲಿ ಸುಟ್ಟ ಮಾಂಸದ ಕುರಿತಾದದ್ದೂ ಒಂದು. ಬಲಿ ನಿಂತ ಮೇಲೆ ಆ ಪ್ರಶ್ನೆ ಬಿಟ್ಟುಹೋಗಿ, ಸ್ವತಂತ್ರರಂತೆ ಒರಗಿ ಕೂರುವುದೇಕೆಂಬ ಪ್ರಶ್ನೆ ಸೇರಿಕೊಂಡಿತು.

ಮೇಜಿನ ಮೇಲಿನ ಪದಾರ್ಥಗಳೂ ಪ್ರಶ್ನೆಯನ್ನು ಹೊರಡಿಸಲೆಂದೇ ಇವೆ. ಹುಳಿಬಾರದ ಹಿಟ್ಟಿನ 'ಮಾತ್ಸಾ' ರೊಟ್ಟಿ, ಹಿಟ್ಟು ಹುಳಿಯುವವರೆಗೂ ಕಾಯಲಾಗದ ಅವಸರದ ಪಯಣವನ್ನು ನೆನಪಿಸುತ್ತದೆ. ಕಹಿ ಸೊಪ್ಪು ದಾಸ್ಯದ ಕಹಿಯನ್ನೂ, ಉಪ್ಪುನೀರು ಕಣ್ಣೀರನ್ನೂ, ಹಣ್ಣು-ಬೀಜಗಳನ್ನು ಅರೆದು ಮಾಡಿದ ಸಿಹಿ 'ಹರೋಸೆತ್' ಇಟ್ಟಿಗೆ ಕಟ್ಟುವ ಗಾರೆಯನ್ನೂ ಸೂಚಿಸುತ್ತವೆ.

ನಿದ್ದೆಗೆಡಿಸುವ ವಿನೋದ

ಕಥೆ ದೀರ್ಘವಾದುದು, ಊಟ ತಡವಾದುದು. ಮಕ್ಕಳು ತೂಕಡಿಸಿದರೆ ಪ್ರಶ್ನಿಸುವವರು ಯಾರು? ಈ ಚಿಂತೆ ಪ್ರಾಚೀನ ಗುರುಗಳನ್ನೂ ಕಾಡಿತ್ತು. ರಬ್ಬಿ ಅಕಿವಾ ಮಕ್ಕಳು ಎಚ್ಚರವಾಗಿರಲೆಂದು ಹಬ್ಬದ ಸಂಜೆ ಹುರಿದ ಧಾನ್ಯವನ್ನೂ ಬೀಜಗಳನ್ನೂ ಹಂಚುತ್ತಿದ್ದರೆಂದು ತಾಲ್ಮುದ್ ಗ್ರಂಥ ದಾಖಲಿಸಿದೆ. ಮುಂದೆ ಮಹಾಪಂಡಿತನೆನಿಸಿದ ಅಬಾಯೆ ಬೆಳೆದದ್ದು ಗುರು ರಬ್ಬಾ ಅವರ ಮನೆಯಲ್ಲಿ. ಒಂದು ಸೇಡರ್‌ನಲ್ಲಿ ಊಟಕ್ಕೆ ಮೊದಲೇ ಮೇಜು ತೆಗೆಯುವುದನ್ನು ಕಂಡು, ಇನ್ನೂ ಉಂಡೇ ಇಲ್ಲವಲ್ಲ ಎಂದು ಆತ ಗಾಬರಿಯಾದ. ನಿಗದಿತ ಪ್ರಶ್ನೆ ಕೇಳುವ ಶ್ರಮವನ್ನು ನೀನು ತಪ್ಪಿಸಿದೆ ಎಂದು ಗುರುಗಳು ಉತ್ತರಿಸಿದರಂತೆ. ಕಂಠಪಾಠದ ಪ್ರಶ್ನೆಗಿಂತ ನಿಜವಾದ ಅಚ್ಚರಿಗೇ ಅಲ್ಲಿ ಹೆಚ್ಚು ಬೆಲೆ.

ಇಂದಿನ ಮಕ್ಕಳಿಗೆ ಅತಿ ಪ್ರಿಯವಾದುದು 'ಅಫಿಕೋಮನ್' ಆಟ. ಮೂರು ಮಾತ್ಸಾಗಳಲ್ಲಿ ನಡುವಿನದನ್ನು ಮುರಿದು ಒಂದು ಭಾಗವನ್ನು ಎತ್ತಿಡುತ್ತಾರೆ. ಕೆಲವು ಮನೆಗಳಲ್ಲಿ ಹಿರಿಯರು ಅದನ್ನು ಬಚ್ಚಿಟ್ಟರೆ ಮಕ್ಕಳು ಹುಡುಕುತ್ತಾರೆ. ಇನ್ನು ಕೆಲವೆಡೆ ಮಕ್ಕಳೇ ಕದಿಯುತ್ತಾರೆ. ಆ ತುಂಡನ್ನು ತಿನ್ನದೆ ಊಟ ಮುಗಿಯುವಂತಿಲ್ಲವಾದ್ದರಿಂದ ಹಿರಿಯರು ಮಕ್ಕಳೊಡನೆ ಚೌಕಾಸಿಗೆ ಇಳಿಯಲೇಬೇಕು. ಪ್ರವಾದಿ ಎಲೀಯನಿಗೆಂದು ತುಂಬಿಟ್ಟ ಬಟ್ಟಲಿನ ರಸ ಕಡಿಮೆಯಾಯಿತೇ ಎಂದು ಕಣ್ಣಿಟ್ಟು ನೋಡುವುದೂ ಮಕ್ಕಳ ಕೆಲಸವೇ.

ಹಗ್ಗಾದಾದಲ್ಲಿ ನಾಲ್ಕು ಬಗೆಯ ಮಕ್ಕಳ ಪ್ರಸ್ತಾಪವಿದೆ: ಜಾಣ, ದುಷ್ಟ, ಮುಗ್ಧ ಮತ್ತು ಪ್ರಶ್ನಿಸಲೂ ತಿಳಿಯದವನು. ದುಷ್ಟನಿಗೆ ಕಟುವಾದ ಉತ್ತರ ದೊರೆತರೂ ಅವನೂ ಅದೇ ಪಂಕ್ತಿಯಲ್ಲಿ ಕುಳಿತಿದ್ದಾನೆಂಬುದು ಗಮನಾರ್ಹ. ಕೊನೆಯವನಿಗೆ ತಂದೆತಾಯಿಯರೇ ಮಾತು ತೆರೆದುಕೊಡಬೇಕು.

ಆಡಿನ ಮರಿಯ ಹಾಡು

ಊಟದ ನಂತರ ಹಾಡುಗಳ ಸರದಿ. ಕೊನೆಯಲ್ಲಿ ಬರುವ 'ಖಾದ್ ಗಾದ್ಯಾ', ಅಂದರೆ 'ಒಂದು ಆಡಿನ ಮರಿ', ಅರಾಮಿಕ್ ಭಾಷೆಯಲ್ಲಿದ್ದು, 1590ರಲ್ಲಿ ಪ್ರಾಗ್ ನಗರದ ಹಗ್ಗಾದಾದಲ್ಲಿ ಮುದ್ರಣಗೊಂಡಿತು. ತಂದೆ ಎರಡು ನಾಣ್ಯಕ್ಕೆ ಕೊಂಡ ಮರಿಯನ್ನು ಬೆಕ್ಕು ತಿನ್ನುತ್ತದೆ, ಬೆಕ್ಕನ್ನು ನಾಯಿ ಕಚ್ಚುತ್ತದೆ. ಕೋಲು, ಬೆಂಕಿ, ನೀರು, ಎತ್ತು, ಕಟುಕ ಎಂದು ಬೆಳೆಯುವ ಸರಪಳಿ ಮೃತ್ಯುದೂತನನ್ನು ಮುಟ್ಟಿ, ದೇವರಲ್ಲಿ ಕೊನೆಗೊಳ್ಳುತ್ತದೆ. ಪ್ರತಿ ಸುತ್ತಿನಲ್ಲೂ ವೇಗ ಹೆಚ್ಚುತ್ತದೆ. ಹಲವು ಮನೆಗಳಲ್ಲಿ ಮಕ್ಕಳು ಪ್ರಾಣಿಗಳ ಕೂಗನ್ನೂ ಸೇರಿಸುತ್ತಾರೆ. ಒಂದನ್ನೊಂದು ನುಂಗಿದ ಸಾಮ್ರಾಜ್ಯಗಳ ರೂಪಕವನ್ನು ವ್ಯಾಖ್ಯಾನಕಾರರು ಇದರಲ್ಲಿ ಕಂಡಿದ್ದಾರೆ; ಮಕ್ಕಳಿಗೆ ಬೆಕ್ಕು-ನಾಯಿಗಳೇ ಸಾಕು.

ಕಲೆಬಿದ್ದ ಪುಟಗಳು

ಹಗ್ಗಾದಾ ಮಂದಿರದ ಗ್ರಂಥವಲ್ಲ, ಮನೆಯ ಪುಸ್ತಕ. ಆದ್ದರಿಂದಲೇ ಅದಕ್ಕೆ ಚಿತ್ರಗಳ ಸೊಗಸೂ ಉಂಟು, ಊಟದ ಕಲೆಗಳೂ ಉಂಟು. 1350ರ ಸುಮಾರಿಗೆ ಸ್ಪೇನಿನ ಬಾರ್ಸಿಲೋನಾ ಪ್ರದೇಶದಲ್ಲಿ ರಚಿತವಾದ 'ಸರಾಯೆವೊ ಹಗ್ಗಾದಾ'ದ ಪುಟಗಳ ಮೇಲೆ ದ್ರಾಕ್ಷಾರಸದ ಗುರುತುಗಳಿವೆ. ಬೋಸ್ನಿಯಾದ ವಸ್ತುಸಂಗ್ರಹಾಲಯ ಇದನ್ನು 1894ರಲ್ಲಿ ಕೊಂಡಿತು. 1942ರಲ್ಲಿ ನಾಜಿಗಳ ಕೈಗೆ ಸಿಗದಂತೆ ಇದನ್ನು ಮರೆಮಾಡಿದವರು ಅಲ್ಲಿನ ಮುಸ್ಲಿಂ ಗ್ರಂಥಪಾಲಕ ದೆರ್ವಿಶ್ ಕೊರ್ಕುತ್.

ಭಾರತಕ್ಕೂ ಇದರಲ್ಲಿ ಪಾಲಿದೆ. ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳ ಮನೆಮಾತು ಮರಾಠಿ. ಅವರಿಗಾಗಿ ಮರಾಠಿ ಅನುವಾದವುಳ್ಳ ಹಗ್ಗಾದಾ 1846ರಲ್ಲಿ ಮುಂಬಯಿಯಲ್ಲಿಯೂ, ಇನ್ನೊಂದು 1874ರಲ್ಲಿ ಪುಣೆಯಲ್ಲಿಯೂ ಪ್ರಕಟವಾದವು. ಪುಣೆಯ ಪುಸ್ತಕದಲ್ಲಿ ಮಾತ್ಸಾ ತಯಾರಿಸುವ ಹೆಂಗಸರು ಸೀರೆಯುಟ್ಟಿದ್ದಾರೆ.

ಮಗುವೇ ಇಲ್ಲದಿದ್ದರೆ

ಇಡೀ ಏರ್ಪಾಡು ನಿಂತಿರುವುದು ಮಗುವಿನ ಮೇಲೆ. ನಾಜಿ ನರಮೇಧದಲ್ಲಿ ಹತರಾದ ಯಹೂದಿ ಮಕ್ಕಳ ಸಂಖ್ಯೆ ಸುಮಾರು 15 ಲಕ್ಷವೆಂದು ಅಂದಾಜು. ವಾರ್ಸಾ ಘೆಟ್ಟೋದ ಬಹುಪಾಲು ಮಕ್ಕಳನ್ನು 1942ರ ಬೇಸಿಗೆಯಲ್ಲೇ ಟ್ರೆಬ್ಲಿಂಕಾ ಕೊಲೆಶಿಬಿರಕ್ಕೆ ಸಾಗಿಸಲಾಗಿತ್ತು. ಉಳಿದವರು ದಂಗೆಯೆದ್ದದ್ದು 1943ರ ಏಪ್ರಿಲ್ 19ರಂದು. ಆ ದಿನದ ಸಂಜೆಯೇ ಸೇಡರ್.

ಇಂಥ ಕೊರತೆಗೂ ತಾಲ್ಮುದ್ ನಿಯಮವೊಂದನ್ನು ಇಟ್ಟಿದೆ. ಮಗನಿಲ್ಲದಿದ್ದರೆ ಹೆಂಡತಿ ಪ್ರಶ್ನಿಸಬೇಕು. ಅವಳೂ ಇಲ್ಲದಿದ್ದರೆ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳಬೇಕು. ಎಲ್ಲವನ್ನೂ ಬಲ್ಲ ಇಬ್ಬರು ಪಂಡಿತರೇ ಇದ್ದರೂ ಒಬ್ಬರನ್ನೊಬ್ಬರು ಕೇಳಲೇಬೇಕು.

2020ರ ಕೋವಿಡ್ ನಿರ್ಬಂಧದ ನಡುವೆ ಹಬ್ಬ ಬಂದಾಗ ಅನೇಕ ವೃದ್ಧರು ಮನೆಗಳಲ್ಲಿ ಒಂಟಿಯಾಗಿದ್ದರು. ಹಬ್ಬದ ದಿನ ವಿದ್ಯುತ್ ಉಪಕರಣ ಬಳಸಬಹುದೇ ಎಂದು ಸಂಪ್ರದಾಯಸ್ಥ ಗುರುಗಳಲ್ಲಿ ತೀವ್ರ ವಾದ ನಡೆಯಿತು. ಕೆಲವರು ಒಪ್ಪಿದರು, ಹಲವರು ನಿರಾಕರಿಸಿದರು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ಕಂಪ್ಯೂಟರ್ ಪರದೆಯ ಮುಂದೆ ನಿಂತು, ಅಜ್ಜ-ಅಜ್ಜಿಯರಿಗೆ ಕೇಳಿಸುವಂತೆ ಗಟ್ಟಿಯಾಗಿ ಪ್ರಶ್ನೆಗಳನ್ನು ಹಾಡಿದರು.