ಎರಿ ಹೊಲದಲ್ಲಿ ಗಾಲಿಯ ತೂಕ

ಬೈಲಹೊಂಗಲ, ಸವದತ್ತಿ ಕಡೆಯ ಎರಿ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ದೊಡ್ಡ ಮಳೆ ಬಿದ್ದರೆ ಉಬ್ಬಿ, ಕಾಲಿನ ಚಪ್ಪಲಿ ಕಿತ್ತುಕೊಳ್ಳುವಷ್ಟು ಜಿಗುಟಾಗುತ್ತದೆ. ಇಂಥ ನೆಲದಲ್ಲಿ ಉಳುವವರು ಎಂಜಿನ್ನಿನ ಎಚ್‌ಪಿಯಷ್ಟೇ ಗಾಲಿಯ ಮೇಲಿನ ತೂಕವನ್ನೂ ಲೆಕ್ಕ ಹಾಕುತ್ತಾರೆ.

ತೂಕ ಸಾಲದಿದ್ದರೆ ಗಾಲಿ ನಿಂತಲ್ಲೇ ತಿರುಗಿ ಕುಣಿ ತೋಡುತ್ತದೆ. ಹೆಚ್ಚಾದರೆ ಹುಗಿಯುತ್ತದೆ; ಕೆಳಗಿನ ಮಣ್ಣು ಬಿಗಿದು ಮುಂದಿನ ಬೆಳೆಯ ಬೇರು ಇಳಿಯುವುದಿಲ್ಲ. ಕುಂಟೆ, ಕೂರಿಗೆಯ ಕೆಲಸವೇ ಹೆಚ್ಚೆಂದರೆ 35 ಎಚ್‌ಪಿ ಸಾಕು. ಪಲ್ಟಿ ನೇಗಿಲು ಹೂಡಿ ಆಳವಾಗಿ ಉಳಬೇಕು, ಕಬ್ಬಿನ ಟ್ರೇಲರ್ ಎಳೆಯಬೇಕು ಎಂದರೆ 45-50 ಬೇಕು. ಅಂಥ ಟ್ರ್ಯಾಕ್ಟರ್ ಸುಮಾರು 2 ಟನ್ ತೂಗುತ್ತದೆ. ಕೊಂಡ ಮೇಲೆ ಎಂಜಿನ್ ಬದಲಾಗದು, ತೂಕವನ್ನು ಮಾತ್ರ ಕೆಲಸ ನೋಡಿ ಏರಿಸಬಹುದು, ಇಳಿಸಬಹುದು.

ಏರಿಸುವ ಅಗ್ಗದ ದಾರಿ ನೀರು. ಹಿಂದಿನ ಗಾಲಿಯನ್ನು ಜ್ಯಾಕಿನಿಂದ ಎತ್ತಿ, ವಾಲ್ವ್ ನೆತ್ತಿಗೆ ಬರುವಂತೆ ತಿರುಗಿಸುತ್ತಾರೆ. ಒಳಗಿನ ಪಿನ್ ಬಿಚ್ಚಿ ಪೈಪು ಕೂರಿಸಿ, ಆಗಾಗ ಗಾಳಿ ಹೊರಬಿಡುತ್ತ ನೀರು ತುಂಬುತ್ತಾರೆ. ನೀರು ವಾಲ್ವಿನ ಮಟ್ಟ ಮುಟ್ಟಿ ಹೊರಗೆ ಚಿಮ್ಮಿತೆಂದರೆ ಟೈರಿನ ಮುಕ್ಕಾಲು ಭಾಗ ತುಂಬಿದೆ ಎಂದೇ ಅರ್ಥ. ಬೇರೆ ಅಳತೆ ಬೇಡ. ಉಳಿದ ಕಾಲು ಭಾಗಕ್ಕೆ ಗಾಳಿ, ಏಕೆಂದರೆ ಟೈರು ಪುಟಿಯಬೇಕು. 13.6-28 ಅಳತೆಯ ಒಂದು ಟೈರು ಹೀಗೆ ಸುಮಾರು 175 ಲೀಟರ್ ಹಿಡಿಯುತ್ತದೆ, ಎರಡಕ್ಕೂ ಸೇರಿ 350 ಕಿಲೋ. ಈ ಭಾರವನ್ನು ಅಚ್ಚು ಹೊರಬೇಕಿಲ್ಲ, ಟೈರೇ ನೇರವಾಗಿ ನೆಲಕ್ಕೆ ಒತ್ತುತ್ತದೆ. ಹಿಂದೆ ಭಾರದ ನೇಗಿಲು ಕಟ್ಟಿದಾಗ ಮೂತಿ ಎದ್ದೇಳದಂತೆ ಮುಂದೆ ಬೀಡಿನ ತೂಕಗಳನ್ನೂ ಜೋಡಿಸುತ್ತಾರೆ.

ಸರಿಯಾಯಿತೇ ಎಂದು ತಿಳಿಯಲು ಟೈರಿಗೆ ಸುಣ್ಣದ ಗುರುತು ಹಾಕಿ, ಗಾಲಿ ಹತ್ತು ಸುತ್ತು ಉರುಳುವ ದೂರ ಅಳೆಯುತ್ತಾರೆ. ನೇಗಿಲು ಎತ್ತಿದಾಗ 40 ಮೀಟರ್, ಇಳಿಸಿದಾಗ 35 ಎಂದರೆ ಜಾರಿದ್ದು ನೂರಕ್ಕೆ ಹನ್ನೆರಡೂವರೆ. ಉಳುಮೆಗೆ 10ರಿಂದ 15ರೊಳಗೆ ಇದ್ದರೆ ಒಳ್ಳೆಯದು. ಪಳಗಿದ ಚಾಲಕನಿಗೆ ಈ ಅಳತೆಯೂ ಬೇಡ. ಇಳಿದು ಬಂದ ದಾರಿ ನೋಡುತ್ತಾನೆ: ಟೈರಿನ ಹಲ್ಲಿನ ಅಚ್ಚು ಅಳಿಸಿಹೋಗಿದ್ದರೆ ತೂಕ ಕಡಿಮೆ, ಕೊರೆದಿಟ್ಟಂತೆ ಮೂಡಿದ್ದರೆ ಹೆಚ್ಚು, ಅಂಚು ಉಳಿದು ನಡುವೆ ತುಸು ಉಜ್ಜಿದ್ದರೆ ಸರಿ. ಮಣ್ಣಿನ ಮೇಲಿನ ಈ ಬರಹ ಓದುವುದನ್ನು ಅವನಿಗೆ ಯಾವ ಪುಸ್ತಕವೂ ಕಲಿಸಿದ್ದಲ್ಲ.

ಕಿತ್ತೂರು ಕಡೆಯ ಭತ್ತದ ಕೆಸರಿನ ಲೆಕ್ಕವೇ ಬೇರೆ. ಅಲ್ಲಿ ಭಾರ ಹೇರುವುದಿಲ್ಲ, ಕಬ್ಬಿಣದ ಪಟ್ಟಿಗಳ ಕೇಜ್ ವೀಲ್ ಜೋಡಿಸಿ ಗಾಲಿಯ ಹಿಡಿತ ಅಗಲಿಸುತ್ತಾರೆ.

ರಾಮದುರ್ಗದ ಒಣ ಹೊಲವಿರಲಿ, ಬೈಲಹೊಂಗಲ ಸೀಮೆಯ ಎರಿ ಇರಲಿ, ಉಳುವ ಮೊದಲು ಒಂದು ಹಿಡಿ ಮಣ್ಣು ತೆಗೆದು ಹಿಸುಕುತ್ತಾರೆ. ಉಂಡೆ ಬೆರಳಿಗೆ ಉದುರಿದರೆ ಹದ ಬಂದಿದೆ. ಅಂಟಿಕೊಂಡರೆ ಅಂದು ಟ್ರ್ಯಾಕ್ಟರ್ ಬದುವಿನ ಆಚೆಯೇ ನಿಲ್ಲುತ್ತದೆ.