ನಂಗಲಿ ಘಟ್ಟದಿಂದ ಬಾರಕೂರು ಬಂದರಿಗೆ

ಮುಳಬಾಗಿಲು ದಾಟಿ ಪಲಮನೇರಿನ ಕಡೆ ಹೊರಟರೆ ಗಡಿಗೆ ಮುಂಚೆ ಸಿಗುವ ಊರು ನಂಗಲಿ. ಕೆರೆ, ಹೊಲ, ಬಂಡೆಗುಡ್ಡ, ಹೆದ್ದಾರಿಯಲ್ಲಿ ಸಾಲುಗಟ್ಟಿದ ಲಾರಿಗಳು. ಕನ್ನಡದಷ್ಟೇ ಸಲೀಸಾಗಿ ತೆಲುಗು ಕಿವಿಗೆ ಬೀಳುತ್ತದೆ. ಕಡಲನ್ನು ನೆನಪಿಸುವಂಥದ್ದು ಇಲ್ಲಿ ಏನೂ ಇಲ್ಲ. ಹಾಗಿದ್ದೂ ಕರ್ನಾಟಕದ ಕರಾವಳಿಯ ಪುರಾತನ ನೆಲೆಗಳ ಕಥೆಯನ್ನು ಈ ಊರಿನಿಂದಲೇ ಶುರುಮಾಡಬೇಕು.

ಅದಕ್ಕೆ ಕಾರಣ ಹೊಯ್ಸಳ ಶಾಸನಗಳಲ್ಲಿದೆ. ವಿಷ್ಣುವರ್ಧನನ ರಾಜ್ಯದ ಎಲ್ಲೆಗಳನ್ನು ಹೇಳುವಾಗ ಮೂಡಣಕ್ಕೆ ನಂಗಲಿಯ ಘಟ್ಟ, ತೆಂಕಣಕ್ಕೆ ಕೊಂಗು, ಚೇರ, ಆನೆಮಲೆ, ಬಡಗಣಕ್ಕೆ ಸಾವಿಮಲೆ, ಪಡುವಣಕ್ಕೆ ಬಾರಕನೂರಿನ ಘಟ್ಟ ಎಂದು ಅವು ಎಣಿಸುತ್ತವೆ. ಬಾರಕನೂರೆಂದರೆ ಇಂದಿನ ಉಡುಪಿ ಜಿಲ್ಲೆಯ ಬಾರಕೂರು. ತಲಕಾಡು, ಕೊಂಗುಗಳ ಜೊತೆ ನಂಗಲಿಯೂ ಅರಸನ ಬಿರುದಾವಳಿಗೆ ಸೇರಿತು.

ಮೂಡಣ ಪಡುವಣ ಎರಡೂ ಕಡೆ ಗುರುತಾಗಿರುವುದು ಘಟ್ಟವೇ ಎಂಬುದನ್ನು ಗಮನಿಸಬೇಕು. ನಂಗಲಿ ದಾಟಿ, ಪಲಮನೇರಿನಾಚೆ ಮೊಗಿಲಿ ಘಟ್ಟ ಇಳಿದರೆ ಚಿತ್ತೂರು. ಅಲ್ಲಿಂದ ಬಯಲುಸೀಮೆಯ ದಾರಿ ಕಂಚಿಗೂ ಬಂಗಾಳಕೊಲ್ಲಿಗೂ ಹೋಗುತ್ತದೆ. ಬಾರಕೂರಿನ ಘಟ್ಟ ಇಳಿದರೆ ಅರಬ್ಬಿ ಸಮುದ್ರ. ಪ್ರಸ್ಥಭೂಮಿಯ ಸರಕು ಎರಡು ಕಡಲುಗಳಿಗೆ ಇಳಿಯುತ್ತಿದ್ದ ಬಾಗಿಲುಗಳನ್ನೇ ರಾಜ್ಯದ ಗಡಿಕಲ್ಲುಗಳೆಂದು ಶಾಸನ ಹೇಳುತ್ತಿದೆ.

ಬಾರಕೂರು ಆಳುಪರ ರಾಜಧಾನಿಯಾಗಿತ್ತು, ಮುಂದೆ ವಿಜಯನಗರದ ಕಾಲದಲ್ಲಿ ಒಂದು ಪ್ರಾಂತ್ಯದ ಕೇಂದ್ರವಾಯಿತು. 1340ರ ದಶಕದಲ್ಲಿ ಈ ಕರಾವಳಿಯಲ್ಲಿ ಸಾಗಿದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಇದನ್ನು ‘ಫಾಕನೂರ್’ ಎಂದು ಕರೆದಿದ್ದಾನೆ. ಇಲ್ಲಿನ ಅರಸನ ಬಳಿ ಸುಮಾರು 30 ಯುದ್ಧನೌಕೆಗಳಿದ್ದವು, ಹಾದುಹೋಗುವ ಹಡಗು ಬಂದರಿಗೆ ಬಂದು ಸುಂಕ ಕಟ್ಟದೆ ಮುಂದೆ ಹೋಗುವಂತಿರಲಿಲ್ಲ ಎಂದು ಬರೆದಿದ್ದಾನೆ. ಈಗ ಸೀತಾನದಿಯ ಮಗ್ಗುಲಲ್ಲಿ ತೆಂಗು, ಅಡಿಕೆ, ಗದ್ದೆಗಳ ನಡುವೆ ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂಬ ಹೆಸರುಗಳು ಉಳಿದಿವೆ. ಕತ್ತಲೆ ಬಸದಿ ಉಳಿದಿದೆ. ಆ ಬಂದರಿನ ದಕ್ಕೆ ಎಲ್ಲಿತ್ತು, ಉಗ್ರಾಣಗಳು ಎಲ್ಲಿದ್ದವು ಎಂಬುದನ್ನು ಮಣ್ಣೇ ಹೇಳಬೇಕು.

ಕರಾವಳಿಯ ಮಣ್ಣು ಸುಲಭಕ್ಕೆ ಬಾಯಿಬಿಡುವುದಿಲ್ಲ. ಮಳೆಗಾಲದ ಹೊಳೆಗಳು ಹೂಳು ತಂದು ಅಳಿವೆಯ ಜಾಗವನ್ನೇ ಬದಲಿಸುತ್ತವೆ. ಮರದ ಮನೆ, ಸೋಗೆಯ ಮಾಡು ಕೊಳೆತು ಹೋಗುತ್ತವೆ. ಹಳೆಯ ಊರಿನ ಮೇಲೆಯೇ ಹೊಸ ಊರು ಕೂತಿರುತ್ತದೆ. ಇಂಥ ನೆಲದಲ್ಲಿ ಅಂಗೈಯಗಲದ ಮಡಕೆಚೂರು ಕೂಡ ದೊಡ್ಡ ಸಾಕ್ಷಿ.

1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್‌ಗೆ ಸಿಕ್ಕಿದ್ದೂ ಅಂಥ ಚೂರುಗಳೇ. ಹಿನ್ನೀರಿನ ದಂಡೆಯ ಆ ನೆಲೆಯಲ್ಲಿ ಇಟಲಿಯ ಅರೆಝ್ಝೊ ಮಾದರಿಯ ಕೆಂಪು ಪಾತ್ರೆಗಳ ಜೊತೆಗೆ ನುಣುಪಾದ ಬೂದುಕಪ್ಪು ತಟ್ಟೆಗಳ ತುಂಡುಗಳೂ ಇದ್ದವು. ತಟ್ಟೆಯ ಒಳತಳದಲ್ಲಿ ಒಂದರ ಸುತ್ತ ಒಂದು ಉಂಗುರದಂತೆ ಸಣ್ಣ ಕಚ್ಚುಗಳ ಸಾಲು. ಬೆರಳಾಡಿಸಿದರೆ ತರಿತರಿಯಾಗಿ ತಾಕುತ್ತದೆ. ಇಟಲಿಯ ಪಾತ್ರೆಯ ಕಾಲ ಗೊತ್ತಿದ್ದರಿಂದ ಕಚ್ಚುಸಾಲಿನ ತಟ್ಟೆಗೂ ಕಾಲ ಸಿಕ್ಕಿತು. 1947ರಲ್ಲಿ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗೆ ಬಂದರು. ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ 1929ರಲ್ಲೇ ಅಗೆತ ನಡೆಸಿದ್ದರು. ಅಲ್ಲೂ ಅದೇ ಕಚ್ಚುಸಾಲಿನ ಚೂರು! ಕನ್ನಡ ನಾಡಿನ ಒಳನಾಡಿನ ಮಣ್ಣಿನ ಪದರಗಳಿಗೆ ಮೂಡಣ ಕಡಲ ದಂಡೆಯೊಂದು ಕಾಲಗಣನೆ ಕೊಟ್ಟಿತು. ಮುಂದೆ 1989ರಿಂದ 1992ರವರೆಗೆ ವಿಮಲಾ ಬೇಗ್ಲೆ ಅರಿಕಮೇಡುವನ್ನು ಮತ್ತೆ ಅಗೆಸಿದರು. ಆ ತಟ್ಟೆಗಳ ಕಾಲ ಇನ್ನೂ ಹಿಂದಕ್ಕೆ ಸರಿಯಿತು.

ಕಡಲಂಚಿನ ಪುರಾತತ್ವದ ದೊಡ್ಡ ಹೆಸರೊಂದು ಕನ್ನಡಿಗರದೇ. ಶಿಕಾರಿಪುರ ರಂಗನಾಥ ರಾವ್, ಅಂದರೆ ಎಸ್.ಆರ್. ರಾವ್, ಗುಜರಾತಿನ ಲೋಥಲ್ ಅಗೆದವರು. 1980ರ ದಶಕದಲ್ಲಿ ಗೋವಾದ ಸಾಗರವಿಜ್ಞಾನ ಸಂಸ್ಥೆಯಿಂದ ದ್ವಾರಕೆ ಮತ್ತು ಬೇಟ್ ದ್ವಾರಕಾ ದ್ವೀಪದ ಸುತ್ತ ನೀರಿನಡಿಯ ಶೋಧ ನಡೆಸಿದವರು. ಮೂರು ತೂತಿನ ಕಲ್ಲಿನ ಲಂಗರುಗಳು ಅಲ್ಲಿ ಸಿಕ್ಕವು: ಮೇಲಿನ ತೂತಿಗೆ ಹಗ್ಗ, ಕೆಳಗಿನ ಎರಡಕ್ಕೆ ನೆಲ ಕಚ್ಚುವ ಮರದ ಗೂಟ. ಲೋಥಲ್‌ನ ಸುಮಾರು 214 ಮೀಟರ್ ಉದ್ದದ ಇಟ್ಟಿಗೆ ಕಟ್ಟೆಯನ್ನು ರಾವ್ ಹಡಗುಕಟ್ಟೆ ಎಂದರು, ಬೇರೆ ಕೆಲವರು ನೀರಿನ ಕೆರೆ ಎಂದರು. ಕೋಲಾರ ಸೀಮೆಯವರು ಅದರ ಮುಂದೆ ನಿಂತರೆ ಮೊದಲು ಕೋಡಿ ಎಲ್ಲಿ ಎಂದು ಹುಡುಕುತ್ತಾರೆ. ಹೆಚ್ಚಾದ ನೀರು ಹರಿದುಹೋಗಲು ಅದರ ತೆಂಕಣ ಗೋಡೆಯಲ್ಲಿ ಕಂಡಿಯೂ ಇದೆ. ವಾದ ಇನ್ನೂ ಮುಗಿದಿಲ್ಲ.

ಗುಜರಾತಿನ ಕಡಲಿಗೆ ಕನ್ನಡಿಗರೊಬ್ಬರು ಕೊಟ್ಟ ಅಷ್ಟು ವರ್ಷಗಳ ತಾಳ್ಮೆ ಬಾರಕೂರಿಗೂ, ಹೊನ್ನಾವರದ ಎದುರು ಜಂಬಿಟ್ಟಿಗೆಯ ಕೋಟೆ ಹೊತ್ತು ನಿಂತಿರುವ ಬಸವರಾಜದುರ್ಗ ದ್ವೀಪಕ್ಕೂ ಸಲ್ಲಬೇಕು. ಮನೆ, ತೋಟ, ರಸ್ತೆಗಳು ಹಳೆಯ ಪದರಗಳನ್ನು ವರ್ಷವರ್ಷವೂ ಕಲಕುತ್ತಿರುವಾಗ ಇದು ಮುಂದೂಡುವ ಕೆಲಸವಲ್ಲ.

ನಂಗಲಿಗೂ ಬಾರಕೂರಿಗೂ ನಡುವೆ, ಬೆಂಗಳೂರಿನ ಯಶವಂತಪುರದಲ್ಲಿ, 1891ರಲ್ಲಿ ರೈಲು ಹಳಿಗೆ ನೆಲ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ಗಂಟೊಂದು ಸಿಕ್ಕಿತು. ಒಟ್ಟು 163 ನಾಣ್ಯ, ಆಗಸ್ಟಸ್‌ನವೂ ಟೈಬೀರಿಯಸ್‌ನವೂ ಅವುಗಳಲ್ಲಿದ್ದವು. ಹಡಗಿನಲ್ಲಿ ಬಂದ ಆ ಬೆಳ್ಳಿ ಪಡುವಣ ಘಟ್ಟ ಹತ್ತಿತೋ, ನಂಗಲಿಯ ಕಡೆಯಿಂದ ಮೇಲೆ ಬಂತೋ? ಬಾರಕೂರಿನ ಕೋಟೆಕೇರಿಯ ಮಣ್ಣಿನಡಿ ಕಚ್ಚುಸಾಲಿನ ಒಂದು ಚೂರು ಸಿಕ್ಕರೂ ಈ ಪ್ರಶ್ನೆಯನ್ನು ಹೊಸದಾಗಿ ಕೇಳಬಹುದು.