ಒಂದೇ ನೋವು, ಬೇರೆ ಬೇರೆ ಮದ್ದು: ವೈದ್ಯರ ಬೆರಳಿನ ಅರಿವಿಗೆ ಸಂಶೋಧನೆಯ ಒರೆಗಲ್ಲು

ಇಳಕಲ್‌ನ ನೇಕಾರರು ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ದಿನವಿಡೀ ಕೂರುತ್ತಾರೆ. ಹುನಗುಂದ, ಬಾದಾಮಿ ಕಡೆಯ ರೈತರು ಹೊಲದಲ್ಲಿ ಬಗ್ಗಿ ದುಡಿಯುತ್ತಾರೆ. ವಯಸ್ಸಾಗುತ್ತಿದ್ದಂತೆ ಇಬ್ಬರನ್ನೂ ಕಾಡುವುದು ಮೊಣಕಾಲು ನೋವು. ಬಾಗಲಕೋಟೆಯ ಬಿ.ವಿ.ವಿ. ಸಂಘದ ಆಯುರ್ವೇದ ಆಸ್ಪತ್ರೆಗೋ ಇಳಕಲ್‌ನ ಆಯುರ್ವೇದ ಕಾಲೇಜಿಗೋ ಹೋದರೆ, ಈ ಒಂದೇ ನೋವಿಗೆ ಒಬ್ಬರಿಗೆ ಎಣ್ಣೆ ಹಚ್ಚಲು ಹೇಳಬಹುದು, ಇನ್ನೊಬ್ಬರಿಗೆ ಎಣ್ಣೆ ಮುಟ್ಟಲೇಬೇಡಿ ಎನ್ನಬಹುದು. ಈ ವ್ಯತ್ಯಾಸದ ಹಿಂದೆ ಅಚ್ಚುಕಟ್ಟಾದ ವಿದ್ಯೆಯೊಂದಿದೆ.

ನಾಡಿ, ಮೂತ್ರ, ಮಲ, ನಾಲಿಗೆ, ಶಬ್ದ, ಸ್ಪರ್ಶ, ಕಣ್ಣು, ಆಕೃತಿ ಈ ಎಂಟನ್ನೂ ನೋಡುವುದೇ ಅಷ್ಟವಿಧ ಪರೀಕ್ಷೆ. ನಾಡಿ ಹಿಡಿಯಲು ಬೆಳಗಿನ ಹೊತ್ತು ಒಳ್ಳೆಯದು. ಊಟ, ಸ್ನಾನ, ಎಣ್ಣೆ ತಿಕ್ಕುವಿಕೆ ಆದ ಕೂಡಲೇ ಹಿಡಿಯುವಂತಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ ವೈದ್ಯರು ಮೂರು ಬೆರಳಿಡುತ್ತಾರೆ. ತೋರುಬೆರಳಿಗೆ ವಾತ, ನಡುಬೆರಳಿಗೆ ಪಿತ್ತ, ಉಂಗುರ ಬೆರಳಿಗೆ ಕಫ. ವಾತದ ನಾಡಿ ಹಾವಿನಂತೆ ಹರಿಯುತ್ತದೆ, ಪಿತ್ತದ್ದು ಕಪ್ಪೆಯಂತೆ ಕುಪ್ಪಳಿಸುತ್ತದೆ, ಕಫದ್ದು ಹಂಸದಂತೆ ನಿಧಾನಕ್ಕೆ ಸಾಗುತ್ತದೆ ಎಂದು ಹಳೆಯ ಗ್ರಂಥಗಳು ಗುರುತು ಕೊಟ್ಟಿವೆ.

ಈಗ ಮೊಣಕಾಲಿಗೆ ಬರೋಣ. ಸವೆದ ಕೀಲು, ಅಂದರೆ ಸಂಧಿವಾತವನ್ನು ಮುಟ್ಟಿದರೆ ಗಾಳಿ ತುಂಬಿದ ತೊಗಲಿನ ಚೀಲವನ್ನು ಮುಟ್ಟಿದಂತಿರುತ್ತದೆ ಎನ್ನುತ್ತಾನೆ ಚರಕ. ಕಾಲು ಮಡಿಸಿ ಚಾಚುವಾಗ ನೋವು ಹೆಚ್ಚುತ್ತದೆ. ಇಲ್ಲಿ ಎಣ್ಣೆಯೇ ಮೊದಲ ಮದ್ದು. ಆಮವಾತದ ಲಕ್ಷಣವೇ ಬೇರೆ: ಕೀಲು ಬಾತು ಬಿಗಿಯುತ್ತದೆ, ಚೇಳು ಕಚ್ಚಿದಂಥ ನೋವು, ಹಸಿವು ಮಂದ, ನಾಲಿಗೆಯ ಮೇಲೆ ಬಿಳಿ ಪದರ. ಜೀರ್ಣವಾಗದೆ ಉಳಿದ 'ಆಮ' ಇರುವವರೆಗೆ ಎಣ್ಣೆ ಹಚ್ಚಿದರೆ ರೋಗ ಬಲಿಯುತ್ತದೆ ಎಂಬುದು ಆಯುರ್ವೇದದ ತಿಳಿವಳಿಕೆ. ಹಾಗಾಗಿ ಮೊದಲು ಕಾದ ಮರಳಿನ ಗಂಟಿನಿಂದ ಒಣ ಶಾಖ, ಜೊತೆಗೆ ಶುಂಠಿಯಂಥ ಪಚನದ ಮದ್ದು.

ಜಪಾನಿನ ಪಾರಂಪರಿಕ ಪದ್ಧತಿಯಾದ ಕಂಪೋದ ವೈದ್ಯರೂ ಹೀಗೆಯೇ ರೋಗದ ಹೆಸರಿಗಿಂತ ರೋಗಿಯ ಲಕ್ಷಣಗಳ ಒಟ್ಟು ಸ್ವರೂಪವನ್ನು ನೋಡುತ್ತಾರೆ. ರೋಗಿಯನ್ನು ಅಂಗಾತ ಮಲಗಿಸಿ ಹೊಟ್ಟೆ ಒತ್ತಿ ನೋಡುವುದು ಅವರ ವಿಶೇಷ. ಅಲ್ಲಿ 148 ಕಂಪೋ ಔಷಧಯೋಗಗಳು ರಾಷ್ಟ್ರೀಯ ಆರೋಗ್ಯ ವಿಮೆಯೊಳಗಿವೆ.

ಆದರೆ ಆಳಿಗೊಂದು ಮದ್ದು ಕೊಡುವ ಪದ್ಧತಿಯನ್ನು ಒರೆಗೆ ಹಚ್ಚುವುದು ಹೇಗೆ? ಕೊಯಮತ್ತೂರಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಚಂದದ ದಾರಿ ತೋರಿಸಿತು. ರುಮಟಾಯ್ಡ್ ಕೀಲುವಾತದ 43 ರೋಗಿಗಳು, 36 ವಾರ. ವೈದ್ಯರು ಪ್ರತಿಯೊಬ್ಬರನ್ನೂ ಪರೀಕ್ಷಿಸಿ ಅವರವರಿಗೆ ಹೊಂದುವ ಮದ್ದನ್ನೇ ಬರೆದರು. ಒಂದು ಗುಂಪಿಗೆ ಆಯುರ್ವೇದದ ಮದ್ದು ಮತ್ತು ಹುಸಿ ಮೆಥೊಟ್ರೆಕ್ಸೇಟ್ (ಈ ರೋಗಕ್ಕೆ ಕೊಡುವ ಆಧುನಿಕ ಔಷಧ), ಇನ್ನೊಂದಕ್ಕೆ ನಿಜ ಮೆಥೊಟ್ರೆಕ್ಸೇಟ್ ಮತ್ತು ಹುಸಿ ಆಯುರ್ವೇದ ಮದ್ದು, ಮೂರನೆಯದಕ್ಕೆ ಎರಡೂ ನಿಜವಾದವು. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಮೂರೂ ಗುಂಪುಗಳ ಫಲ ಹೆಚ್ಚುಕಡಿಮೆ ಸಮನಾಗಿತ್ತು. ಚಿಕ್ಕ ಅಧ್ಯಯನವಾದ್ದರಿಂದ ಅದು ಕೊನೆಯ ತೀರ್ಪಲ್ಲ. ಆದರೆ ವೈದ್ಯರ ವಿವೇಚನೆಗೆ ಧಕ್ಕೆ ತಾರದೆ ಪರೀಕ್ಷೆ ಮಾಡಬಹುದೆಂದು ಅದು ತೋರಿಸಿಕೊಟ್ಟಿತು.

ಇಂಥ ಶಿಸ್ತು ನಮ್ಮ ಕಾಲೇಜುಗಳಿಗೆ ಹೊಸದೇನಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಆಯುರ್ವೇದ ಎಂ.ಡಿ. ಓದುವವರು ಪ್ರಬಂಧ ಬರೆಯಲೇಬೇಕು. ರೋಗಿಗಳ ಮೇಲೆ ಅಧ್ಯಯನ ನಡೆಸುವುದಾದರೆ ನೈತಿಕ ಸಮಿತಿಯ ಒಪ್ಪಿಗೆ, ರೋಗಿಯ ಲಿಖಿತ ಸಮ್ಮತಿ ಬೇಕು. ಚಿಕಿತ್ಸೆಗೆ ಮೊದಲು ಮತ್ತು ನಂತರ ನೋವು, ಬಾವು, ಬಿಗಿತಕ್ಕೆ ಅಂಕ ಹಾಕುತ್ತಾರೆ. ನಡಿಗೆ ಎಷ್ಟು ಸುಧಾರಿಸಿತು, ಮೊಣಕಾಲು ಎಷ್ಟು ಮಡಿಸುತ್ತದೆ ಎಂಬುದನ್ನೂ ಬರೆದಿಡುತ್ತಾರೆ. ಗುಣವಾಗದವರ ಹಾಳೆಯೂ ಕಡತದಲ್ಲಿ ಇರಲೇಬೇಕು. ಒಂದೇ ಕೈಯ ನಾಡಿಯನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದುವುದುಂಟು ಎಂಬುದನ್ನೂ ಸಂಶೋಧನೆ ಮುಚ್ಚಿಡದೆ ದಾಖಲಿಸಿದೆ. ಅದು ನಾಡಿವಿದ್ಯೆಗೆ ಅವಮಾನವಲ್ಲ, ಕಲಿಸುವ ಕ್ರಮವನ್ನು ಬಿಗಿಗೊಳಿಸಲು ಸಿಕ್ಕ ಸುಳಿವು.

ಓದುಗರಲ್ಲಿ ಒಂದು ವಿನಂತಿ. ವೈದ್ಯರ ಮುಂದೆ ಕೂತಾಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಹೆಸರು ಹೇಳಿ, ಹಳೆಯ ಚೀಟಿಗಳನ್ನು ಒಯ್ಯಿರಿ. ಅಧ್ಯಯನಕ್ಕೆ ಸೇರುವಿರಾ ಎಂದು ಕೇಳಿದರೆ ಸಮ್ಮತಿ ಪತ್ರವನ್ನು ಪೂರ್ತಿ ಓದಿಸಿಕೊಂಡು, ಪ್ರಶ್ನೆ ಕೇಳಿ, ಮನಸ್ಸಿಗೆ ಒಪ್ಪಿದರೆ ಸೇರಿಕೊಳ್ಳಿ. ನಿಮ್ಮ ಮೊಣಕಾಲಿನ ಲೆಕ್ಕ ಸರಿಯಾಗಿ ದಾಖಲಾದರೆ ಮುಂದೆ ಬರುವ ರೋಗಿಗೆ ಸರಿಯಾದ ಮದ್ದು ಬೇಗ ಸಿಗುತ್ತದೆ.